ಡಿಸ್ಕಿನ ವಾಟಣಿ

ಕಳೆದ ಎರಡು ತಿಂಗಳುಗಳಲ್ಲಿ ನಮ್ಮ ಕೈಸೇರಿದ ಪತ್ರಗಳಲ್ಲಿ ಮೂರು ಪತ್ರಗಳು ಒಂದೇ ವಿಷಯವನ್ನು ಕುರಿತವುಗಳಾಗಿವೆ. ಮೂರೂ ಬೆಳಗಾವಿ ಜಿಲ್ಲೆಯ ಬಡಗಣ ಸೀಮೆಯವು. ಒಂದು ಅಥಣಿಯ ಕಡೆಯದು, ಒಂದು ರಾಯಬಾಗದ್ದು, ಇನ್ನೊಂದು ಚಿಕ್ಕೋಡಿಯ ಪೇಟೆಯೊಳಗಿನದು. ಬರೆದವರ ಹೆಸರುಗಳನ್ನು ಇಲ್ಲಿ ಹೇಳುವ ಅವಶ್ಯಕತೆಯಿಲ್ಲ. ಮೂರರ ತಾತ್ಪರ್ಯವೂ ಇಷ್ಟೆ: ಮನೆಯಲ್ಲಿ ಆರೇಳು ವರುಷದ ಹಳೆಯ ಕಂಪ್ಯೂಟರೊಂದುಂಟು. ಅದರೊಳಗಿದ್ದ ವಿಂಡೋಸ್ 10ಕ್ಕೆ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿಯ ಅಕ್ಟೋಬರ 14ಕ್ಕೆ ಮುಗಿದುಹೋಯಿತು. ಅದರ ಮುಂದಿನ ಆವೃತ್ತಿಯು ಆ ಹಳೆಯ ಯಂತ್ರಕ್ಕೆ ಒಗ್ಗದು. ಆದುದರಿಂದ ಕಾಲೇಜಿಗೆ ಹೋಗುವ ಹುಡುಗರು ಲಿನಕ್ಸನ್ನು ಹಾಕಿಕೊಟ್ಟರು. ಅದು ಸುರಳೀತವಾಗಿ ನಡೆದಿರುತ್ತದೆ. ಈಗ ಅದರದೇ ಹೊಸ ಆವೃತ್ತಿಯನ್ನು ಹಾಕಹೋದರೆ "ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ?" ಎಂದು ಯಂತ್ರವು ಕೇಳುತ್ತದೆ. ಅಳಿಸಿದರೆ ಮನೆಯ ಲೆಕ್ಕಗಳೂ, ಕಬ್ಬಿನ ಬಿಲ್ಲುಗಳೂ, ಮಗಳ ಟಿಪ್ಪಣಿಗಳೂ, ತೀರಿಕೊಂಡ ತಾಯಿಯವರ ಭಾವಚಿತ್ರಗಳೂ ಅದರೊಡನೆಯೇ ಹೋಗುವವಲ್ಲ, ಏನು ಮಾಡೋಣ?

ಮೊದಲು ಮಾಡತಕ್ಕದ್ದೆಂದರೆ, ಆ ಪ್ರಶ್ನೆಗೆ ಉತ್ತರ ಕೊಡದೆ ಹಿಂದೆ ಸರಿಯುವದು. ಅವಸರವೇನೂ ಇಲ್ಲ. ಬೇಕಾದುದನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವ ತನಕ ಹಳೆಯ ಆವೃತ್ತಿಯೇ ನಡೆಯಲಿ. ಆ ಬಳಿಕ ಈ ಸಂಕಟವು ಬಂದುದೇತಕ್ಕೆಂಬುದನ್ನು ವಿಚಾರಿಸಬಹುದು. ವಿಚಾರಿಸದೆ ಬಿಟ್ಟರೆ ಎರಡು ಮೂರು ವರುಷಕ್ಕೊಮ್ಮೆ ಅದು ಮತ್ತೆ ಮತ್ತೆ ಬಾಗಿಲಿಗೆ ಬರತಕ್ಕದ್ದೇ ಸರಿ.

ಕಾರಣವು ದೊಡ್ಡದೇನಲ್ಲ. ಹುಡುಗರು ಇಡಿಯ ಡಿಸ್ಕನ್ನು ಒಂದೇ ಕೋಣೆಯನ್ನಾಗಿ ಬಿಟ್ಟಿದ್ದಾರೆ. ಅವರನ್ನು ಗದರಿಸಬೇಕಾದುದಿಲ್ಲ; ಯಂತ್ರವು ತಾನಾಗಿ ತೋರಿಸುವ ಸುಲಭದ ದಾರಿಯೇ ಅದು. ಆದರೆ ಒಲೆ, ದೇವರ ಜಗಲಿ, ಕಾಳಿನ ಚೀಲ, ದನದ ಗೋದಲಿ ಎಲ್ಲವನ್ನೂ ಒಂದೇ ಪಡಸಾಲೆಯಲ್ಲಿಟ್ಟ ಮನೆಯನ್ನು ಊಹಿಸಿಕೊಳ್ಳಿರಿ. ಒಲೆಯನ್ನು ಕಿತ್ತು ಹೊಸದಾಗಿ ಹಾಕಬೇಕಾದರೆ ಕಾಳಿನ ಚೀಲವನ್ನೂ ಬೀದಿಗೆ ತರಬೇಕಾಗುವದು. ನಮ್ಮ ಸೀಮೆಯ ಹಳೆಯ ವಾಡೆಗಳನ್ನು ಕಟ್ಟಿದವರು ಹೀಗೆ ಮಾಡಲಿಲ್ಲ. ಕಾಳಿಗೆ ಹಗೇವು, ದೇವರಿಗೆ ಕೋಣೆ, ದನಕ್ಕೆ ಕೊಟ್ಟಿಗೆ ಎಂದು ಮೊದಲೇ ಗೋಡೆ ಹಾಕಿಟ್ಟರು.

ಡಿಸ್ಕಿನೊಳಗೆ ಗೋಡೆಯನ್ನು ಎಲ್ಲಿ ಹಾಕಬೇಕು? ಈ ವಿಷಯವಾಗಿ ಬಲ್ಲವರಲ್ಲಿ ಹಲವು ಮತಗಳುಂಟು. ಎಂಟೊಂಬತ್ತು ಕೋಣೆ ಮಾಡುವವರೂ ಇದ್ದಾರೆ. ಗೃಹಸ್ಥನಿಗೆ ಒಂದೇ ಭೇದವು ಸಾಕೆಂದು ನಮ್ಮ ಮತ: ಹೋದರೆ ಮತ್ತೆ ಸಿಕ್ಕುವ ವಸ್ತು ಒಂದು ಕಡೆ, ಹೋದರೆ ಮತ್ತೆ ಸಿಕ್ಕದ ವಸ್ತು ಇನ್ನೊಂದು ಕಡೆ. ಕೃಷ್ಣೆಯ ದಂಡೆಯವರಿಗೆ ಈ ಭೇದವನ್ನು ನಾವು ಕಲಿಸಬೇಕಾಗಿಲ್ಲ. 2005ರಲ್ಲಿಯೂ, 2019ರ ಆಗಸ್ಟದಲ್ಲಿಯೂ, 2021ರ ಜುಲೈಯಲ್ಲಿಯೂ ಕೃಷ್ಣೆ ದೂಧಗಂಗೆಗಳು ಉಕ್ಕಿ ದಂಡೆಯ ಊರುಗಳೊಳಗೆ ನುಗ್ಗಿದಾಗ ಮನೆ ಬಿಟ್ಟು ಏಳುವವರು ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ಘಳಿಗೆಯಲ್ಲಿ ನಿಶ್ಚಯಿಸಬೇಕಾಯಿತು. ಹೊಲದ ಉತಾರವು ತೊಯ್ದುಹೋದರೆ ಮತ್ತೊಂದು ಸಿಕ್ಕುವದು; ಸರಕಾರದ 'ಭೂಮಿ' ವ್ಯವಸ್ಥೆಯಲ್ಲಿ ಅದರ ಮೂಲವಿದೆ. ಅಜ್ಜನ ಕೈಬರಹದ ವಹಿಗೆ ಮೂಲವು ಎಲ್ಲಿಯೂ ಇಲ್ಲ.

ಕಂಪ್ಯೂಟರಿನಲ್ಲಿಯೂ ಹೀಗೆಯೇ. ಲಿನಕ್ಸ್ ಎಂಬ ವ್ಯವಸ್ಥೆಯು, ಅದರ ಸಂಗಡ ಬರುವ ನೂರಾರು ಉಪಕರಣಗಳು, ಕನ್ನಡದ ಅಕ್ಷರಶೈಲಿಗಳು, ಇವೆಲ್ಲ ಇಂದು ಸುಟ್ಟುಹೋದರೂ ನಾಳೆ ಅಂತರ್ಜಾಲದಿಂದ ಬಿಡಿಕಾಸು ಕೊಡದೆ ತಂದುಕೊಳ್ಳತಕ್ಕವು. ನಾವು ಬರೆದ ಲೆಕ್ಕ, ನಾವು ತೆಗೆದ ಚಿತ್ರ, ನಮ್ಮ ಮಕ್ಕಳ ಅಭ್ಯಾಸ, ಇವು ಲೋಕದಲ್ಲಿ ಮತ್ತೊಂದು ಕಡೆ ಇರುವವಲ್ಲ. ಮೊದಲನೆಯದು ಇರತಕ್ಕ ಸ್ಥಳಕ್ಕೆ 'ರೂಟ್' ಎಂದೂ, ಎರಡನೆಯದು ಇರತಕ್ಕ ಸ್ಥಳಕ್ಕೆ 'ಹೋಮ್' ಎಂದೂ ಹೆಸರು. ಇವೆರಡರ ನಡುವೆ ಗೋಡೆಯಿದ್ದರೆ, ರೂಟನ್ನು ಅಳಿಸಿ ಹೊಸದನ್ನು ಹಾಕುವಾಗ ಹೋಮಿನ ಬಾಗಿಲನ್ನು ತೆರೆಯುವ ಪ್ರಸಂಗವೇ ಬಾರದು.

ಈ ಗೋಡೆ ಹಾಕುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಪಾರ್ಟಿಶನ್ ಎನ್ನುವರು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಾಗ ನಮ್ಮವರು ಅದನ್ನು ವಾಟಣಿ ಎನ್ನುವರಷ್ಟೆ. ಶಬ್ದವೂ ಅದೇ, ಕೆಲಸವೂ ಹೆಚ್ಚುಕಡಿಮೆ ಅದೇ. ಹೊಲವು ಇದ್ದಲ್ಲಿಯೇ ಇರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಯಾರದೆಂಬ ಬರಹ ಮಾತ್ರ ಹುಟ್ಟುತ್ತದೆ. ಡಿಸ್ಕಿನ ಮೊದಲಲ್ಲಿಯೇ ಅಂಥ ಒಂದು ವಾಟಣಿಪತ್ರವಿರುತ್ತದೆ. ಹಳೆಯ ಎಂಬಿಆರ್ ಪದ್ಧತಿಯ ಪತ್ರದಲ್ಲಿ ಮುಖ್ಯ ಹಿಸ್ಸೆಗಳಿಗೆ ನಾಲ್ಕೇ ಸಾಲುಗಳಿಗೆ ಎಡೆಯಿತ್ತು. ಈಗಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಹಿಸ್ಸೆಗಳನ್ನು ಬರೆಯಬಹುದು; ಮೇಲಾಗಿ ಅದರ ಪ್ರತಿಯೊಂದು ಡಿಸ್ಕಿನ ಕಟ್ಟಕಡೆಯಲ್ಲಿಯೂ ಇರುತ್ತದೆ. ತಲಾಟಿಯಲ್ಲಿ ಒಂದು, ತಹಶೀಲ ಕಚೇರಿಯಲ್ಲಿ ಒಂದು ಇದ್ದಂತೆ. ಮೊದಲಿನದು ಕೆಟ್ಟರೆ ಕಡೆಯದರಿಂದ ಸರಿಪಡಿಸಿಕೊಳ್ಳಲು ಬರುತ್ತದೆ.

ಇನ್ನು ಮೌಂಟ್ ಎಂಬುದು. ವಿಂಡೋಸಿನಲ್ಲಿ ಪಳಗಿದವರಿಗೆ ತೊಡಕಾಗುವದು ಇಲ್ಲಿಯೇ. ಅಲ್ಲಿ ಪ್ರತಿಯೊಂದು ಹಿಸ್ಸೆಯೂ ಸಿ, ಡಿ, ಇ ಎಂದು ಬೇರೆ ಬೇರೆ ಮನೆಗಳು; ಒಂದರಿಂದ ಹೊರಬಿದ್ದು ಇನ್ನೊಂದಕ್ಕೆ ಹೋಗಬೇಕು. ಲಿನಕ್ಸಿನಲ್ಲಿ ಇರುವುದು ಒಂದೇ ಮನೆ, ಒಂದೇ ತಲೆಬಾಗಿಲು. ಆ ತಲೆಬಾಗಿಲಿನ ಗುರುತು ಒಂದು ಓರೆಗೆರೆ, ಅಷ್ಟೆ. ಬೇರೆ ಹಿಸ್ಸೆಗಳು, ಬೇರೆ ಡಿಸ್ಕುಗಳು, ಮಗ ತಂದ ಪೆನ್ ಡ್ರೈವು, ಯಾವುದೇ ಇರಲಿ, ಆ ಮನೆಯೊಳಗಿನ ಯಾವುದಾದರೊಂದು ಬಾಗಿಲಿಗೆ ತಗುಲಿಸಿದ ಮೇಲೆಯೇ ಒಳಗಿನ ವಸ್ತು ಕಾಣುವದು. ಹೀಗೆ ತಗುಲಿಸುವದಕ್ಕೆ ಮೌಂಟ್ ಮಾಡುವದೆಂದು ಹೆಸರು, ಬಿಡಿಸುವದಕ್ಕೆ ಅನ್‌ಮೌಂಟ್. ಹಿಂದಿನ ಕಾಲದ ದೊಡ್ಡ ಯಂತ್ರಗಳಲ್ಲಿ ಟೇಪಿನ ಸುರುಳಿಯನ್ನೋ ಡಿಸ್ಕಿನ ಕಟ್ಟನ್ನೋ ಆಳುಗಳು ಕೈಯಿಂದ ಎತ್ತಿ ಏರಿಸುತ್ತಿದ್ದರಾದ್ದರಿಂದ ಈ ಶಬ್ದವು ಉಳಿದುಬಂದಿದೆ. ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಎಂಬವರು ನಿರ್ಮಿಸಿದ ಯುನಿಕ್ಸಿನ ಮೊದಲ ಕೈಪಿಡಿಯು 1971ರ ನವೆಂಬರ 3ರದು. ಅದರಲ್ಲಿಯೇ ಮೌಂಟ್ ಎಂಬ ಆಜ್ಞೆಯಿದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಮೊದಲುಮಾಡಿದಾಗ ಈ ಒಂದೇ ಮನೆಯ ಕಟ್ಟಳೆಯನ್ನೇ ಅನುಸರಿಸಿದರು.

ಪ್ರಸಂಗ ಬಂದುದರಿಂದ ಒಂದು ಮಾತು. ಇಂಥ ವಿದ್ಯೆಯು ಬೆಂಗಳೂರಿನವರದು, ನಮ್ಮ ಗಡಿಸೀಮೆಗೆ ದೂರದ್ದು ಎಂದು ಪತ್ರ ಬರೆದವರಲ್ಲಿ ಒಬ್ಬರು ಸಂಕೋಚಪಟ್ಟಿದ್ದಾರೆ. ಭಾರತದಲ್ಲಿ ಲಿನಕ್ಸನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅಗ್ರಗಣ್ಯರಾದ ಅತುಲ ಚಿಟ್ನೀಸರು 1962ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದರಾದರೂ ಇಂಜಿನಿಯರಿಂಗ್ ಓದಿದುದು ಬೆಳಗಾವಿಯ ಗೋಗಟೆ ವಿದ್ಯಾಲಯದಲ್ಲಿ. 1996ರಲ್ಲಿ ಪಿಸಿಕ್ವೆಸ್ಟ್ ಎಂಬ ಮಾಸಿಕದ ಸಂಗಡ ಲಿನಕ್ಸಿನ ಸೀಡಿಯನ್ನು ಓದುಗರಿಗೆ ಹಂಚಿದ ಪ್ರಯತ್ನದ ಹಿಂದೆ ಅವರಿದ್ದರು. 2001ರಿಂದ ಬೆಂಗಳೂರಿನಲ್ಲಿ ನಡೆದ ಲಿನಕ್ಸ್ ಸಮ್ಮೇಲನಗಳಿಗೂ ಅವರೇ ಮುಂದಾಳು. 2013ರಲ್ಲಿ ತೀರಿಕೊಂಡರು. ಅತ್ತ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇರಳದ ಪಾಠಕ್ರಮದಂತೆ ಲಿನಕ್ಸಿನ ಮೇಲೆಯೇ ಕಂಪ್ಯೂಟರು ಕಲಿಯುತ್ತಾರೆ. ಸಂಕೋಚಕ್ಕೆ ಎಡೆಯಿಲ್ಲ.

ಈಗ ಅಳತೆಗೆ ಬರೋಣ. ಪತ್ರಗಳಲ್ಲಿ ಹೇಳಿದ ಯಂತ್ರಗಳಲ್ಲಿ ಎರಡಕ್ಕೆ 500 ಜಿಬಿಯ ಡಿಸ್ಕು ಇದೆ. ಲಿನಕ್ಸು ಅದನ್ನು 465 ಎಂದು ತೋರಿಸಿದರೆ ಅಂಗಡಿಯವನು ಮೋಸ ಮಾಡಿದನೆಂದು ಭಾವಿಸಬೇಡಿರಿ. ಮಾರುವವರು ಸಾವಿರ ಸಾವಿರದಂತೆ ಎಣಿಸುತ್ತಾರೆ, ಯಂತ್ರವು 1024ರಂತೆ ಎಣಿಸುತ್ತದೆ; ನಮ್ಮ ಹಿರಿಯರ ಕಾಲದಲ್ಲಿ ಊರಿಂದೂರಿಗೆ ಸೇರು ಬದಲಾಗುತ್ತಿದ್ದಂತೆ. ಈ ಡಿಸ್ಕಿನ ಮೊದಲಿಗೆ ಯಂತ್ರವು ಎಚ್ಚರಗೊಳ್ಳುವದಕ್ಕೆ ಬೇಕಾದ ಇಎಫ್‌ಐ ಎಂಬ ಚಿಕ್ಕ ಹಿಸ್ಸೆಯನ್ನು ಅರ್ಧ ಜಿಬಿಯಿಂದ ಒಂದು ಜಿಬಿಯವರೆಗೆ ಇಡಬೇಕು. ಅದು ಫ್ಯಾಟ್ 32 ಎಂಬ ಜಾತಿಯದಾಗಿರತಕ್ಕದ್ದು. ರೂಟಿಗೆ 60 ಜಿಬಿ. ಮನೆಬಳಕೆಯ ವ್ಯವಸ್ಥೆಗೆ 20-25 ಜಿಬಿ ಸಾಕಾದರೂ, ಈಗಿನ ಉಪಕರಣಗಳು ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬ ದೊಡ್ಡ ಗಂಟುಗಳಾಗಿ ಬಂದು ರೂಟಿನಲ್ಲಿಯೇ ಇಳಿಯುತ್ತವಾದ್ದರಿಂದ ಕೈ ಬಿಗಿಹಿಡಿಯಬಾರದು. ಸ್ವಾಪಿಗೆ ಬೇರೆ ಹಿಸ್ಸೆ ಬೇಡ. ರೂಟಿನೊಳಗೆ ಒಂದು ಕಡತವಾಗಿ ಇಟ್ಟರೆ ನಡೆಯುತ್ತದೆ. ಉಳಿದ ನಾನೂರು ಚಿಲ್ಲರೆ ಜಿಬಿಯೆಲ್ಲ ಹೋಮಿನ ಪಾಲು. ರೂಟು, ಹೋಮು ಎರಡಕ್ಕೂ ಇಎಕ್ಸ್‌ಟಿ 4 ಎಂಬ ಜಾತಿಯು ಒಳ್ಳೆಯದು. ಎಕ್ಸ್‌ಎಫ್‌ಎಸ್ ಎಂಬುದನ್ನು ಹೊಗಳುವವರುಂಟು. ಆದರೆ ಒಮ್ಮೆ ಹಿಗ್ಗಿಸಿದ ಎಕ್ಸ್‌ಎಫ್‌ಎಸ್ ಹಿಸ್ಸೆಯನ್ನು ಮತ್ತೆ ಕುಗ್ಗಿಸಲು ಬಾರದು. ಮನಸ್ಸು ಬದಲಿಸುವ ಸ್ವಾತಂತ್ರ್ಯವು ಗೃಹಸ್ಥನಿಗೆ ಇರಲಿ.

ಹೀಗೆ ಗೋಡೆಯಿದ್ದಲ್ಲಿ ಇನ್ನೊಂದು ಲಾಭವೂ ಉಂಟು. ಮಕ್ಕಳು ಚಲನಚಿತ್ರಗಳನ್ನು ತುಂಬಿಸಿ ತುಂಬಿಸಿ ಹೋಮನ್ನು ಉಸಿರಾಡದಂತೆ ಮಾಡಿದರೂ ರೂಟು ಸುಕ್ಷೇಮವಾಗಿರುತ್ತದೆ. ಒಂದೇ ಕೋಣೆಯಿದ್ದರೆ ಅದು ತುಂಬಿದ ದಿವಸ ವ್ಯವಸ್ಥೆಗೆ ತನ್ನ ದಿನಚರಿ ಬರೆದುಕೊಳ್ಳುವದಕ್ಕೂ ಸ್ಥಳವುಳಿಯದೆ ಕೆಲಸಗಳು ಒಂದೊಂದಾಗಿ ನಿಲ್ಲುತ್ತ ಬರುವವು. ಇಎಕ್ಸ್‌ಟಿ 4 ಜಾತಿಯು ಇಂಥ ಕಷ್ಟಕಾಲಕ್ಕೆಂದು ನೂರಕ್ಕೆ ಐದರಷ್ಟು ಸ್ಥಳವನ್ನು ಯಜಮಾನನ ಹೆಸರಿನಲ್ಲಿ ತೆಗೆದಿಡುವದು ವಾಡಿಕೆ. 400 ಜಿಬಿಯ ಹೋಮಿನಲ್ಲಿ ಅದು 20 ಜಿಬಿಯಾಗುತ್ತದೆ. ರೂಟಿನಲ್ಲಿ ಅದು ಇರಲಿ. ಹೋಮಿನಲ್ಲಿ ಟ್ಯೂನ್2ಎಫ್‌ಎಸ್ ಎಂಬ ಆಜ್ಞೆಯಿಂದ ನೂರಕ್ಕೆ ಒಂದಕ್ಕೆ ಇಳಿಸಿಕೊಂಡರೆ ಹಾನಿಯಿಲ್ಲ.

ಈಗಾಗಲೇ ಒಂದೇ ಕೋಣೆಯುಳ್ಳವರು ಮಾಡತಕ್ಕ ಕ್ರಮ ಹೇಗೆಂದರೆ: ತಾನು ನಿಂತ ನೆಲವನ್ನು ತಾನೇ ಕತ್ತರಿಸಲಾಗದಷ್ಟೆ. ಆದುದರಿಂದ ಲಿನಕ್ಸನ್ನು ಪೆನ್ ಡ್ರೈವಿನಿಂದ ಎಚ್ಚರಿಸಿ, ಡಿಸ್ಕಿನ ಹಿಸ್ಸೆಗಳಾವುವೂ ಮೌಂಟ್ ಆಗಿರದಂತೆ ನೋಡಿಕೊಂಡು, ಜಿಪಾರ್ಟೆಡ್ ಎಂಬ ಉಪಕರಣದಿಂದ ರೂಟನ್ನು ಕುಗ್ಗಿಸಬೇಕು. ತೆರವಾದ ಸ್ಥಳದಲ್ಲಿ ಹೊಸ ಹಿಸ್ಸೆಯನ್ನು ಮಾಡಬೇಕು. ಈ ಕುಗ್ಗಿಸುವ ಕೆಲಸದ ನಡುವೆ ವಿದ್ಯುತ್ತು ಹೋದರೆ ಡಿಸ್ಕಿನ ಗತಿ ಹೇಳಲಾಗದು. ಕರೆಂಟು ಹೋಗಿಬರುವ ಊರಿನವರು ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿನಲ್ಲಿ ಇಲ್ಲವೆ ಯುಪಿಎಸ್ ಇರುವಲ್ಲಿ ಮಾತ್ರ ಇದನ್ನು ಮಾಡತಕ್ಕದ್ದು. ಅದೂ ನಕಲು ಕೈಯಲ್ಲಿದ್ದ ಮೇಲೆ. ಬಳಿಕ ಹಳೆಯ ಹೋಮಿನ ವಸ್ತುಗಳನ್ನು ಹೊಸ ಹಿಸ್ಸೆಗೆ ಒಯ್ಯುವಾಗ ಒಡೆತನದ ಗುರುತುಗಳು ಅಳಿಯದಂತೆ, ಸಿಪಿ ಆಜ್ಞೆಯ ಮುಂದೆ ಅಡ್ಡಗೆರೆಯನ್ನೂ ಎ ಅಕ್ಷರವನ್ನೂ ಸೇರಿಸಬೇಕು. ಸೇರಿಸದಿದ್ದರೆ ಎಲ್ಲ ಕಡತಗಳೂ ಒಬ್ಬನವೇ ಆಗಿಬಿಡುವವು. ಸೊಸೆಯ ಕಡತವನ್ನು ಸೊಸೆಯೇ ತಿದ್ದಲಾರಳು.

ಮುಂದೆ ಹೊಸ ಆವೃತ್ತಿಯನ್ನು ಹಾಕುವ ದಿನ ಬಂದಾಗ, ಹಿಸ್ಸೆಗಳನ್ನು ನಾವೇ ಆರಿಸುವೆವೆಂಬ ಅರ್ಥದ ದಾರಿಯನ್ನು ಹಿಡಿದು, ರೂಟಿಗೆ 'ಫಾರ್ಮ್ಯಾಟ್' ಗುರುತು ಹಾಕಿ, ಹೋಮಿಗೆ ಹಾಕದೆ ಅದರ ಬಾಗಿಲಿನ ಹೆಸರನ್ನು ಮಾತ್ರ ಬರೆಯಬೇಕು. ಮನೆಮಂದಿಯ ಹೆಸರುಗಳನ್ನು ಹಿಂದಿನ ಅನುಕ್ರಮದಲ್ಲಿಯೇ ಸೇರಿಸಬೇಕು. ಏಕೆಂದರೆ ಲಿನಕ್ಸು ಒಡೆಯನನ್ನು ಹೆಸರಿನಿಂದಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಉಬುಂಟು, ಮಿಂಟ್, ಡೆಬಿಯನ್ನುಗಳಲ್ಲಿ ಮೊದಲ ಸದಸ್ಯನ ಸಂಖ್ಯೆ 1000, ಎರಡನೆಯವನದು 1001. ಕ್ರಮ ತಪ್ಪಿದರೆ ತಂದೆಯ ಕೋಣೆಯ ಬೀಗದ ಕೈ ಮಗನ ಕೈಗೆ ಹೋದಂತಾಗುವದು.

ಯಾವ ಹಿಸ್ಸೆಯನ್ನು ಯಾವ ಬಾಗಿಲಿಗೆ ತಗುಲಿಸಬೇಕೆಂಬುದು ದಿನಾಲು ಬೆಳಿಗ್ಗೆ ಯಂತ್ರಕ್ಕೆ ತಿಳಿಯುವದು ಹೇಗೆ? ಎಫ್‌ಎಸ್‌ಟ್ಯಾಬ್ ಎಂಬ ಒಂದು ಚಿಕ್ಕ ಬರಹದಿಂದ. ಅದರ ಪ್ರತಿಯೊಂದು ಸಾಲಿನಲ್ಲಿ ಆರು ಮನೆಗಳಿವೆ: ಹಿಸ್ಸೆ ಯಾವುದು, ಬಾಗಿಲು ಯಾವುದು, ಜಾತಿ ಯಾವುದು, ಷರತ್ತುಗಳೇನು, ಕೊನೆಗೆ ಎರಡು ಅಂಕಿಗಳು. ಅಂಕಿಗಳಲ್ಲಿ ಮೊದಲಿನದು ಈಗ ಹೆಚ್ಚಾಗಿ ಬಳಕೆಯಲ್ಲಿಲ್ಲ, ಸೊನ್ನೆ ಬರೆಯುವದು. ಎರಡನೆಯದು ಡಿಸ್ಕಿನ ತಪಾಸಣೆಯ ಅನುಕ್ರಮ, ರೂಟಿಗೆ 1, ಹೋಮಿಗೆ 2. ಹಿಸ್ಸೆಯ ಹೆಸರನ್ನು 'ಎಸ್‌ಡಿಎ 3' ಎಂದು ಬರೆಯುವವರಿದ್ದಾರೆ. ಇದು "ಬಸ್ಸಿನ ನಿಲ್ದಾಣದಿಂದ ಮೂರನೆಯ ಮನೆ" ಎಂದು ಪತ್ತೆ ಕೊಟ್ಟಂತೆ. ನಡುವೆ ಇನ್ನೊಂದು ಮನೆ ಎದ್ದರೆ ಟಪಾಲು ತಪ್ಪುವದು. ಹೊಸ ಡಿಸ್ಕು ಸೇರಿಸಿದೊಡನೆ ಈ ಹೆಸರುಗಳು ಹೆಚ್ಚುಕಡಿಮೆಯಾಗಬಹುದು. ಪ್ರತಿಯೊಂದು ಹಿಸ್ಸೆಗೂ ಯುಯುಐಡಿ ಎಂಬ ಉದ್ದವಾದ ಸಂಖ್ಯೆಯುಂಟು. ಉತಾರದ ಮೇಲಿನ ರಿ.ಸ. ನಂಬರಿನಂತೆ ಅದು ಆ ಹಿಸ್ಸೆಗೇ ಕಟ್ಟಿದ್ದು. ಡಿಸ್ಕನ್ನು ಯಾವ ತಂತಿಗೆ ಜೋಡಿಸಿದರೂ ಬದಲಾಗದು. ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಗೆ ಅಡ್ಡಗೆರೆಯನ್ನೂ ಎಫ್ ಅಕ್ಷರವನ್ನೂ ಸೇರಿಸಿದರೆ ಎಲ್ಲ ಹಿಸ್ಸೆಗಳ ಸಂಖ್ಯೆಗಳೂ ಬಾಗಿಲುಗಳೂ ಒಂದೇ ಪಟ್ಟಿಯಾಗಿ ಕಾಣುತ್ತವೆ. ಅದನ್ನು ನೋಡಿಯೇ ಬರೆಯತಕ್ಕದ್ದು.

ಎಫ್‌ಎಸ್‌ಟ್ಯಾಬಿನಲ್ಲಿ ಒಂದಕ್ಷರ ತಪ್ಪಿದರೆ ಮರುದಿನ ಯಂತ್ರವು ಅರ್ಧದಲ್ಲಿಯೇ ನಿಂತು ಕಪ್ಪು ಪರದೆಯ ಮೇಲೆ ಆಪತ್ಕಾಲವೆಂದು ಸಾರುವದು. ಹೊರಗಿನ ಡಿಸ್ಕನ್ನು ಅಲ್ಲಿ ಬರೆದಿಟ್ಟು, ಆ ಡಿಸ್ಕನ್ನು ಜೋಡಿಸದೆ ಯಂತ್ರವನ್ನು ಎಚ್ಚರಿಸಿದರೂ ಅದೇ ಪಾಡು; ಒಂದೂವರೆ ನಿಮಿಷ ಕಾದು, ಬಾರದಿದ್ದರೆ ನಿಂತುಬಿಡುತ್ತದೆ. ಅದಕ್ಕಾಗಿ ಹೊರಗಿನ ಡಿಸ್ಕಿನ ಸಾಲಿನಲ್ಲಿ, ಷರತ್ತುಗಳ ಮನೆಯಲ್ಲಿ, 'ನೋಫೇಲ್' ಎಂಬ ಶಬ್ದವನ್ನು ಸೇರಿಸುವದು; ಬಂದರೆ ಬರಲಿ, ಬಾರದಿದ್ದರೆ ಕೆಲಸ ನಿಲ್ಲದಿರಲಿ ಎಂದು ಅದರ ಅರ್ಥ. ಬರಹವನ್ನು ತಿದ್ದಿದ ಕೂಡಲೆ ಯಂತ್ರವನ್ನು ಮುಚ್ಚದೆ, ಮೌಂಟ್ ಎಂದು ಬರೆದು ಅಡ್ಡಗೆರೆಯೊಡನೆ ಎ ಅಕ್ಷರ ಸೇರಿಸಿ ಒಮ್ಮೆ ಪರೀಕ್ಷಿಸಬೇಕು. ತಪ್ಪಿದ್ದರೆ ಹಗಲು ಹೊತ್ತಿನಲ್ಲಿಯೇ ಗೊತ್ತಾಗುವದು.

ಆದರೆ ಈ ನೋಫೇಲಿನ ಸಂಗಡ ಒಂದು ಬಲೆಯಿದೆ. ಈ ಬರಹದಲ್ಲಿ ಉಳಿದುದೆಲ್ಲ ಮರೆತರೂ ಇದನ್ನು ಮರೆಯಬಾರದೆಂದು ನಾವು ಕೇಳಿಕೊಳ್ಳುತ್ತೇವೆ. ಬಾಗಿಲೆಂದು ನಾವು ಹೇಳಿದುದು ನಿಜವಾಗಿ ಒಂದು ಬರಿದಾದ ಡೈರೆಕ್ಟರಿ. 'ನಕಲು' ಎಂಬ ಹೆಸರಿನ ಒಂದು ಡೈರೆಕ್ಟರಿಯನ್ನು ಮಾಡಿ, ಹೊರಗಿನ ಡಿಸ್ಕನ್ನು ಅದಕ್ಕೆ ತಗುಲಿಸಿದ್ದೇವೆಂದು ಇಟ್ಟುಕೊಳ್ಳಿರಿ. ಒಂದು ರವಿವಾರ ಡಿಸ್ಕಿನ ತಂತಿಯು ಸಡಿಲವಾಗಿ, ಅದು ಮೌಂಟ್ ಆಗಲೇ ಇಲ್ಲ. ನೋಫೇಲ್ ಇರುವುದರಿಂದ ಯಂತ್ರವು ತುಟಿ ಪಿಟ್ಟೆನ್ನದು. ನಾವು ಎಂದಿನಂತೆ ಭಾವಚಿತ್ರಗಳನ್ನು 'ನಕಲು' ಡೈರೆಕ್ಟರಿಗೆ ಹಾಕುತ್ತೇವೆ. ಡೈರೆಕ್ಟರಿಯು ಇದ್ದೇ ಇದೆಯಲ್ಲ, ಅದು ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಕಡತಗಳು ಅಲ್ಲಿಯೇ ಕಣ್ಣಿಗೆ ಕಾಣುತ್ತವೆ. ಆದರೆ ಅವು ಹೋಗಿ ಬಿದ್ದುದು ಹೊರಗಿನ ಡಿಸ್ಕಿನ ಮೇಲಲ್ಲ, ಒಳಗಿನ ರೂಟಿನ ಮೇಲೆಯೇ. ಒಂದೇ ಡಿಸ್ಕಿನ ಮೇಲೆ ಎರಡು ಪ್ರತಿ ಇಟ್ಟುಕೊಂಡು, ಎರಡು ಮನೆಗಳಲ್ಲಿ ಇಟ್ಟೆವೆಂದು ನಿಶ್ಚಿಂತೆಯಿಂದ ಮಲಗುತ್ತೇವೆ. ಮುಂದಿನ ವಾರ ತಂತಿ ಸರಿಯಾಗಿ ಕೂತು ಡಿಸ್ಕು ಮೌಂಟ್ ಆಯಿತೆಂದರೆ ಕೌತುಕವು ಇನ್ನೂ ಹೆಚ್ಚು: ಹೋದ ವಾರ ಹಾಕಿದ ಕಡತಗಳು ಮಾಯವಾಗಿರುತ್ತವೆ. ಕಳೆದುಹೋದುವೇ? ಇಲ್ಲ. ಹೊಸ ಚಾಪೆಯ ಕೆಳಗೆ ಹಳೆಯ ಚಾಪೆ ಮುಚ್ಚಿದಂತೆ, ಮೌಂಟ್ ಆದ ಡಿಸ್ಕಿನ ಕೆಳಗೆ ಅವು ಮುಚ್ಚಿಹೋಗಿವೆ. ಅನ್‌ಮೌಂಟ್ ಮಾಡಿದರೆ ಮತ್ತೆ ಕಾಣುವವು. ರೂಟಿನಲ್ಲಿ ಸ್ಥಳವೇಕೆ ತೀರಿತೆಂದು ತಲೆ ಕೆರೆದುಕೊಳ್ಳುವ ಅನೇಕರ ಮನೆಯಲ್ಲಿ ಕಾರಣವು ಈ ಚಾಪೆಯ ಕೆಳಗೇ ಇರುವುದುಂಟು.

ಇದಕ್ಕೆ ಪರಿಹಾರಗಳು ಸುಲಭವಾಗಿವೆ. ನಕಲು ಮಾಡುವ ಮೊದಲು ಫೈಂಡ್‌ಮೌಂಟ್ ಎಂಬ ಆಜ್ಞೆಯನ್ನು ಕೊಟ್ಟು (ಅದನ್ನು ಎಂ, ಎನ್, ಟಿ ಎಂದು ಮೊಟಕಾಗಿ ಬರೆಯುತ್ತಾರೆ) ಡಿಸ್ಕು ಬಾಗಿಲಿಗೆ ತಗುಲಿದೆಯೋ ಇಲ್ಲವೋ ನೋಡುವದು. ಡಿಸ್ಕು ಮೌಂಟ್ ಆಗಿರದ ಹೊತ್ತಿನಲ್ಲಿ ಆ ಬರಿದಾದ ಡೈರೆಕ್ಟರಿಗೆ ಚಾಟರ್ ಎಂಬ ಆಜ್ಞೆಯಿಂದ ಅಧಿಕ ಚಿಹ್ನೆಯನ್ನೂ ಐ ಅಕ್ಷರವನ್ನೂ ಕೊಟ್ಟು ಬೀಗ ಹಾಕಿಡುವದು ಇನ್ನೂ ಮೇಲು. ಹಾಗೆ ಮಾಡಿದರೆ ಡಿಸ್ಕು ಇಲ್ಲದಾಗ ಆ ಬಾಗಿಲು ಒಂದು ಹುಲ್ಲುಕಡ್ಡಿಯನ್ನೂ ಒಳಗೆ ಬಿಡದೆ ತಕರಾರು ಮಾಡುವದು; ಡಿಸ್ಕು ಬಂದಾಗ ಬೀಗವು ಅಡ್ಡಬಾರದು. ತಕರಾರು ಮಾಡುವ ಬಾಗಿಲೇ ನಮಗೆ ಬೇಕಾದುದು.

ಒಂದೇ ಕೋಣೆಗೆ ಎರಡು ಬಾಗಿಲು ಮಾಡುವದೂ ಸಾಧ್ಯ. ಅದಕ್ಕೆ ಬೈಂಡ್ ಮೌಂಟ್ ಎನ್ನುವರು. ಮನೆಯ ಭಾವಚಿತ್ರಗಳು ಒಂದೇ ಕಡೆ ಇದ್ದು, ಗಂಡ ಹೆಂಡತಿ ಮಕ್ಕಳು ತಮ್ಮ ತಮ್ಮ ಕೋಣೆಯಿಂದಲೇ ಅವನ್ನು ನೋಡುವಂತೆ ಮಾಡಬಹುದು. ಸ್ಥಳವು ಎರಡು ಪಟ್ಟು ಬೇಕಾಗದು. ಆದರೆ ಕೋಣೆಯು ಒಂದೇ ಎಂಬುದು ನೆನಪಿರಲಿ. ಕಿರಿಯ ಮಗ ತನ್ನ ಬಾಗಿಲಿನಿಂದ ಅಳಿಸಿದುದು ತಾಯಿಯ ಬಾಗಿಲಿನಿಂದಲೂ ಅಳಿದುಹೋಗುವದು.

ಅಥಣಿಯ ಕಡೆಯಿಂದ ಬರೆದವರು, ಹೋಮನ್ನು ಬೇರೆ ಹಿಸ್ಸೆಯಾಗಿ ಮಾಡಿದ ಮೇಲೆ ಹೊರಗಿನ ಡಿಸ್ಕಿನ ಖರ್ಚು ಏತಕ್ಕೆಂದು ಕೇಳಿದ್ದಾರೆ. ಗೋಡೆಯು ಒಲೆಯ ಬೂದಿ ಕಾಳಿನಲ್ಲಿ ಬೀಳದಂತೆ ತಡೆಯುತ್ತದೆ. ಹೊಳೆಯ ನೀರು ಮನೆಯೊಳಗೆ ಬಂದರೆ ಹಗೇವು ಬೇರೆ, ಪಡಸಾಲೆ ಬೇರೆ ಎಂದು ಅದು ನೋಡುವದಿಲ್ಲ. ಡಿಸ್ಕು ಕೆಟ್ಟ ದಿನ ಅದರೊಳಗಿನ ಹಿಸ್ಸೆಗಳೆಲ್ಲ ಒಟ್ಟಿಗೇ ಕೆಡುವವು. ಆದುದರಿಂದ ಹೊರಗಿನ ಡಿಸ್ಕು ಬೇಕು, ಸಾಧ್ಯವಿದ್ದರೆ ಎರಡು. ಒಂದು ಮನೆಯಲ್ಲಿರಲಿ, ಇನ್ನೊಂದು ಎತ್ತರದ ಊರಿನಲ್ಲಿರುವ ಅಕ್ಕನ ಮನೆಯಲ್ಲೋ ಬೀಗರ ಮನೆಯಲ್ಲೋ ಇರಲಿ, ಜಾತ್ರೆಗೆ ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಳ್ಳಬಹುದು. ಹೊಳೆದಂಡೆಯವರು ಮಳೆಗಾಲ ಹಿಡಿಯುವ ಮೊದಲೇ ಒಂದು ಸಲ ಈ ಅದಲುಬದಲು ಮುಗಿಸಿಕೊಳ್ಳುವದು ಲೇಸು. ಅಂತರ್ಜಾಲದ ಭಂಡಾರಗಳಲ್ಲಿ ಇಡುವವರು ಇಡಲಿ. ತಿಂಗಳ ಬಾಡಿಗೆಯೂ, ನೆಟ್‌ವರ್ಕಿನ ವೇಗವೂ ಎಲ್ಲರಿಗೆ ಅನುಕೂಲವಾಗಿರುವದಿಲ್ಲ.

ಆ ಹೊರಗಿನ ಡಿಸ್ಕು ಯಾವ ಜಾತಿಯದಿರಬೇಕು? ಅದನ್ನು ಲಿನಕ್ಸಿಗೆ ಮಾತ್ರ ಬಳಸುವದಾದರೆ ಇಎಕ್ಸ್‌ಟಿ 4. ಅಳಿಯಂದಿರ ವಿಂಡೋಸ್ ಯಂತ್ರಕ್ಕೂ ಹಚ್ಚಬೇಕಾದರೆ ಎಕ್ಸ್‌ಫ್ಯಾಟ್. 2019ರಿಂದ ಈಚೆಗಿನ ಲಿನಕ್ಸ್ ಅದನ್ನು ತಾನಾಗಿ ಬಲ್ಲದು. ಆದರೆ ಎಕ್ಸ್‌ಫ್ಯಾಟಿನಲ್ಲಿ ಒಡೆತನದ ಗುರುತುಗಳು ನಿಲ್ಲವು. ಹಳೆಯ ವಿಂಡೋಸ್ ಹಿಸ್ಸೆಯನ್ನೂ ಯಂತ್ರದಲ್ಲಿ ಉಳಿಸಿಕೊಂಡವರು ಅದನ್ನು ಲಿನಕ್ಸಿನಲ್ಲಿ ತೆರೆದಾಗ ಓದಲು ಬರುತ್ತದೆ, ಬರೆಯಲು ಬಾರದು ಎಂದು ಕಂಡರೆ, ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಎಂಬುದನ್ನು ನಿಲ್ಲಿಸಬೇಕು. ಆ ವ್ಯವಸ್ಥೆಯಿದ್ದರೆ ವಿಂಡೋಸು ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುತ್ತದೆ. ಅರೆನಿದ್ದೆಯವನ ಗಂಟನ್ನು ಲಿನಕ್ಸು ಮುಟ್ಟದು.

ಚಿಕ್ಕೋಡಿಯವರ ಕೊನೆಯ ಪ್ರಶ್ನೆಯು ಚಿಕ್ಕದಾದರೂ ಮನಸ್ಸಿಗೆ ಹಿತವಾದದ್ದು: ಹಿಸ್ಸೆಗಳಿಗೆ ಕನ್ನಡದಲ್ಲಿ ಹೆಸರಿಡಬಹುದೇ? ಇಡಬಹುದು. ಆದರೆ ಇಎಕ್ಸ್‌ಟಿ 4 ಜಾತಿಯು ಹೆಸರಿಗೆ ಕೊಡುವ ಸ್ಥಳ 16 ಬೈಟು ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾದರೆ, ಕನ್ನಡದ ಪ್ರತಿಯೊಂದು ಅಕ್ಷರಕ್ಕೂ, ಗುಣಿತದ ಪ್ರತಿಯೊಂದು ಚಿಹ್ನೆಗೂ, ಒತ್ತಿಗೆ ಬೇಕಾದ ಹಲಂತಕ್ಕೂ ಮೂರು ಮೂರು ಬೈಟು ಬೇಕು. ಹೀಗೆ ಐದು ಚಿಹ್ನೆಗಳಿಗೇ ಸ್ಥಳವು ತೀರುತ್ತದೆ. 'ಮನೆ' ಎಂದರೆ ಒಂಬತ್ತು ಬೈಟು, ಸುಖವಾಗಿ ಹಿಡಿಸುವದು. ನಮ್ಮ ಸೀಮೆಯ ಊರುಗಳನ್ನೇ ಹೆಸರಾಗಿ ಇಡುವೆವೆಂದರೆ ಚಿಕ್ಕೋಡಿಗೆ 24 ಬೇಕು, ನಿಪ್ಪಾಣಿಗೂ 24, ರಾಯಬಾಗಕ್ಕೆ 18, ಕಾಗವಾಡಕ್ಕೆ 18. ಹನ್ನೆರಡರಲ್ಲಿ ಮುಗಿಯುವ ಅಥಣಿಯೊಂದೇ ಒಳಗೆ ಹೋಗುವದು. ಉಳಿದ ಊರಿನವರು ಹೆಸರನ್ನು ಚೀಟಿಯ ಮೇಲೆ ಬರೆದು ಹೊರಗಿನ ಡಿಸ್ಕಿನ ಬೆನ್ನಿಗೆ ಅಂಟಿಸಿಕೊಳ್ಳಲಿ. ಕಡೆಯ ನಕಲು ಮಾಡಿದ ತಾರೀಖನ್ನೂ ಅದರ ಕೆಳಗೆ ಬರೆಯಲಿ.